ಪ್ಲಾಟಿನಮ್ಮಿಗೆ ಗಂಧಕದ ವಿಷ

ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ದ್ರವ್ಯವೇ ವೇಗವರ್ಧಕ. ಮೋಟಾರು ವಾಹನದ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡನ್ನು ನಿರಪಾಯಗೊಳಿಸುವ ಪ್ಲಾಟಿನಮ್, ಪಲ್ಲಾಡಿಯಮ್ ಲೋಹಗಳ ಸೂಕ್ಷ್ಮಕಣಗಳು ರಂಧ್ರಮಯವಾದ ಅಲ್ಯುಮಿನದ ಮೇಲೆ ಹರಡಿರುತ್ತವೆ. ಇಂಧನದೊಡನೆ ಬಂದ ಗಂಧಕವು ಲೋಹದ ಮೈಗಂಟಿ, ಅನಿಲಗಳು ಕೂಡಬೇಕಾದ ನೆಲೆಗಳನ್ನೇ ಮುಚ್ಚಿಬಿಡುತ್ತದೆ. ವಿಷವೆಂಬ ಹೆಸರು ಇದಕ್ಕೆ ಒಪ್ಪುವಂತಹುದೇ, ಅಲ್ಪವೇ ಸಾಕು. ಆಶ್ರಯವಿತ್ತ ಅಲ್ಯುಮಿನವೂ ನಿರ್ಲಿಪ್ತವಲ್ಲ: ಗಂಧಕದ ಆಕ್ಸೈಡುಗಳನ್ನು ಸಲ್ಫೇಟಾಗಿ ಹಿಡಿದಿಟ್ಟು, ಕಾವು ಏರಿದಾಗ ಹೊರಬಿಡುತ್ತದೆ.

ಬಹಳವಾಗಿ ಕಾಯಿಸಿ ಗಂಧಕವನ್ನು ಓಡಿಸಬಹುದು. ಆದರೆ ಅತಿಯಾದ ಕಾವಿನಲ್ಲಿ ಲೋಹಕಣಗಳೇ ಒಂದರೊಡನೊಂದು ಕೂಡಿ ದಪ್ಪವಾಗುತ್ತವೆ. ಕ್ರಿಯೆಗೆ ಒದಗುವ ಮೈಯೇ ಕುಗ್ಗುತ್ತದೆ. ಆ ನಷ್ಟ ಸುಲಭವಾಗಿ ತುಂಬದು. ಉಳಿದುದು ಪಥ್ಯವೊಂದೇ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಪೆಟ್ರೋಲು, ಡೀಸೆಲುಗಳಲ್ಲಿನ ಗಂಧಕದ ಮಿತಿಯನ್ನು ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಸಲಾಯಿತು.