ಪಲ್ಲವಿ ಮಾತ್ರ ಕೇಳಬೇಡಿ, ಚರಣವನ್ನೂ ಕೇಳಿ: ರ‍್ಯಾಪ್ ಹಾಡಿನ ಹಣವೂ ಆಗೂರನ ಪ್ರಾರ್ಥನೆಯೂ

ಮೂಲ ವಾಕ್ಯ: ಜ್ಞಾನೋಕ್ತಿಗಳು 30:7-9

ಎಲ್ಲರೂ ಸತ್ಯವೇದ ತೆರೆದು ಜ್ಞಾನೋಕ್ತಿಗಳು 30ನೇ ಅಧ್ಯಾಯ, 7ರಿಂದ 9ನೇ ವಚನದವರೆಗೆ ಓದಿಕೊಳ್ಳಿ. ಅದರ ಅರ್ಥವನ್ನು ನಾನು ನನ್ನ ಮಾತಿನಲ್ಲಿ ಹೇಳ್ತೀನಿ.

ಆಗೂರ ಅನ್ನುವ ಭಕ್ತನ ಪ್ರಾರ್ಥನೆ ಇದು. ಅವನು ದೇವರ ಹತ್ತಿರ ಎರಡೇ ಎರಡು ಕೇಳಿಕೊಳ್ತಾನೆ. ಒಂದು, ಸುಳ್ಳು ತನ್ನಿಂದ ದೂರ ಇರಬೇಕು. ಇನ್ನೊಂದು, ತನಗೆ ಬಡತನವೂ ಬರಬಾರದು, ಐಶ್ವರ್ಯವೂ ಬರಬಾರದು, ಊಟಕ್ಕೆ ಎಷ್ಟು ಬೇಕೋ ಅಷ್ಟು ಸಿಕ್ಕಿದರೆ ಸಾಕು. ಯಾಕೆ ಅಂತ ಕಾರಣವನ್ನೂ ಹೇಳ್ತಾನೆ. ಹೊಟ್ಟೆ ತುಂಬಿಹೋದರೆ ದೇವರು ಯಾರು ಅಂತ ಕೇಳಿಬಿಟ್ಟೇನು. ಹೊಟ್ಟೆ ಬರಿದಾದರೆ ಕಳ್ಳತನಕ್ಕೆ ಇಳಿದು ದೇವರ ಹೆಸರಿಗೆ ಕಳಂಕ ತಂದೇನು.

ಗಮನಿಸಿ ಪ್ರಿಯರೇ. ಬಡತನದಲ್ಲಿ ಒಂದು ಬಲೆ ಇದೆ, ಐಶ್ವರ್ಯದಲ್ಲಿ ಇನ್ನೊಂದು ಬಲೆ ಇದೆ. ಈ ಎರಡು ಬಲೆಗಳನ್ನು ಇಟ್ಟುಕೊಂಡೇ ನಾನು ಇವತ್ತು ರ‍್ಯಾಪ್ ಹಾಡುಗಳ ಬಗ್ಗೆ ಮಾತಾಡಬೇಕು ಅಂತಿದ್ದೀನಿ. ಯೌವನಸ್ಥರ ಕೂಟದಲ್ಲಿ ಮಕ್ಕಳು ಕೇಳ್ತಾರೆ, "ಪಾಸ್ಟರ್, ಅಮೆರಿಕದ ರ‍್ಯಾಪ್ ಕೇಳಬಹುದಾ? ಅದರಲ್ಲಿ ಹೇಳೋದೂ ನಿಜಾನೇ ಅಲ್ವಾ?" ಅಂತ. ತಂದೆತಾಯಿಗಳು "ಅದನ್ನ ಆಫ್ ಮಾಡು" ಅಂತಾರೆ. ಮಗ ಆಫ್ ಮಾಡಲ್ಲ, ಇಯರ್‌ಫೋನ್ ಹಾಕಿಕೊಳ್ತಾನೆ. ಆ ಹಾಡುಗಳಲ್ಲಿ ಕೆಟ್ಟ ಬೈಗುಳ ಇದೆ, ಹೆಣ್ಣುಮಕ್ಕಳನ್ನು ಹೀನಾಯವಾಗಿ ಕಾಣುವ ಮಾತುಗಳಿವೆ. ಅದನ್ನು ಕೇಳಿ ಅಂತ ನಾನು ಹೇಳುತ್ತಿಲ್ಲ. ಆದರೆ ಮಕ್ಕಳ ಪ್ರಶ್ನೆಗೆ ಉತ್ತರ ಕೊಡದೆ ಬಿಡುವುದೂ ಸರಿಯಲ್ಲ.

1. ಈ ಹಾಡು ಹುಟ್ಟಿದ್ದು ಎಲ್ಲಿ?

ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಅನ್ನುವ ಭಾಗದಲ್ಲಿ. ಬಡವರ ವಠಾರಗಳನ್ನು ಸೀಳಿಕೊಂಡು ಅಲ್ಲಿ ದೊಡ್ಡ ಹೆದ್ದಾರಿ ಹಾದುಹೋಯಿತು, ಸಾವಿರಾರು ಜನ ಮನೆ ಕಳೆದುಕೊಂಡರು. ಕಾರ್ಖಾನೆ ಕೆಲಸಗಳು ಹೋದವು. 1970ರ ದಶಕದಲ್ಲಿ ಕಟ್ಟಡಗಳು ಒಂದರ ಹಿಂದೆ ಒಂದು ಸುಟ್ಟುಹೋದವು. ವಿಮೆ ಹಣದ ಆಸೆಗೆ ಬೆಂಕಿ ಹಚ್ಚಿಸಿದ ಮಾಲೀಕರೂ ಇದ್ದರು. ಅಂದರೆ ಹಣಕ್ಕಾಗಿ ಮೊದಲು ಪಾಪ ಮಾಡಿದವರು ಆ ಬೀದಿಯ ಹುಡುಗರೇ ಅಂತ ಅಂದುಕೊಳ್ಳಬೇಡಿ.

ಅಂಥಾ ಜಾಗದಲ್ಲಿ, 1973ರ ಆಗಸ್ಟ್ 11ರಂದು, ಸೆಡ್ಜ್‌ವಿಕ್ ಅವೆನ್ಯೂ 1520ನೇ ನಂಬರಿನ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ ಒಂದು ಪಾರ್ಟಿ ಇಟ್ಟಳು. ಯಾಕೆ ಗೊತ್ತಾ? ಶಾಲೆ ತೆರೆಯುವ ಹೊತ್ತಿಗೆ ಹೊಸ ಬಟ್ಟೆ ಕೊಳ್ಳೋದಕ್ಕೆ. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ. ಅವಳ ಅಣ್ಣ ಕೂಲ್ ಹರ್ಕ್ ರೆಕಾರ್ಡ್ ಹಾಕಿದ. ಹಿಪ್-ಹಾಪ್ ಹುಟ್ಟಿದ್ದು ಆ ದಿನ ಅಂತ ಇವತ್ತಿಗೂ ಲೋಕ ಹೇಳುತ್ತೆ. ನೋಡಿ, ಆರಂಭದಲ್ಲಿ ಇದ್ದದ್ದು ಬಂದೂಕೂ ಅಲ್ಲ, ಚಿನ್ನದ ಸರವೂ ಅಲ್ಲ. ಶಾಲೆ ಬಟ್ಟೆಗೆ ಒಂದು ಮಗು ಹುಡುಕಿಕೊಂಡ ದಾರಿ.

ಆ ಬೀದಿಗಳಲ್ಲಿ ಇದಕ್ಕೆ "ಹಸ್ಲ್" ಅಂತಾರೆ. ನಮ್ಮ ಭಾಷೆಯಲ್ಲಿ ಹತ್ತಿರದ ಮಾತು "ಹೊಟ್ಟೆಪಾಡು". ಆದರೆ ಒಂದು ಅಪಾಯ ಇದೆ. ಎರಡು ಪಾಳಿ ದುಡಿದು ಮಕ್ಕಳನ್ನು ಸಾಕುವ ತಾಯಿಯದ್ದೂ ಹಸ್ಲ್, ಮೂಲೆಯಲ್ಲಿ ನಿಂತು ಮಾದಕವಸ್ತು ಮಾರುವವನದ್ದೂ ಹಸ್ಲ್. ಬೆವರಿಗೂ ವಂಚನೆಗೂ ಒಂದೇ ಹೆಸರು. ನಮ್ಮಲ್ಲೂ "ಹೊಟ್ಟೆಪಾಡು ಸ್ವಾಮಿ" ಅಂತ ಹೇಳಿ ಲಂಚ ತಗೊಳ್ಳುವವರು ಇದ್ದಾರೆ ಅಲ್ವಾ? ಆಗೂರ ಮೊದಲು ಸುಳ್ಳು ದೂರ ಇರಲಿ ಅಂತ ಕೇಳಿ, ಆಮೇಲೆ ಊಟದ ವಿಷಯಕ್ಕೆ ಬರೋದು ಅದಕ್ಕೇ ಅಂತ ನಾನು ನಂಬ್ತೀನಿ.

ಇನ್ನೊಂದು ವಿಷಯ. ಆ ಹಾಡುಗಳಲ್ಲಿ ಹಣಕ್ಕೆ ಇರುವ ಅಡ್ಡಹೆಸರುಗಳನ್ನು ನೋಡಿ: ಬ್ರೆಡ್, ಹಿಟ್ಟಿನ ಮುದ್ದೆ, ಚೀಸ್, ಕೆನೆ. ಎಲ್ಲವೂ ತಿನ್ನುವ ಪದಾರ್ಥ! ಹಸಿದವನ ಬಾಯಲ್ಲಿ ಹುಟ್ಟಿದ ಮಾತು ಹೀಗೇ ಇರುತ್ತೆ. ಅವನು ಹಣ ಅಂದಾಗ ಮೊದಲು ಕೇಳುತ್ತಿರುವುದು ಅನ್ನ. ನಮ್ಮ ಕರ್ತನು ಕಲಿಸಿದ ಪ್ರಾರ್ಥನೆಯಲ್ಲೂ ಅನುದಿನದ ಆಹಾರಕ್ಕೆ ಬಿನ್ನಹ ಇದೆ. ಹಾಗಾದರೆ ಹಸಿವನ್ನು ಪಾಪ ಅಂತ ಕರೆಯುವ ಹಕ್ಕು ನಮಗಿಲ್ಲ.

2. ಪಲ್ಲವಿ ಒಂದು, ಚರಣ ಇನ್ನೊಂದು

1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ "ದ ಮೆಸೇಜ್" ಬಂತು. ಅದರ ಕೊನೆಯ ಭಾಗದಲ್ಲಿ ಒಬ್ಬ ಹುಡುಗನ ಕಥೆ ಇದೆ. ಬೀದಿಯಲ್ಲಿ ದುಡ್ಡು ಮಾಡಿದ ಕೆಟ್ಟವರನ್ನು ನೋಡಿ ಆಸೆಪಡ್ತಾನೆ, ಶಾಲೆ ಬಿಡ್ತಾನೆ, ದರೋಡೆಗೆ ಇಳೀತಾನೆ, ಜೈಲು ಸೇರ್ತಾನೆ, ಅಲ್ಲೇ ನೇಣಿನಲ್ಲಿ ಸಿಗ್ತಾನೆ. ಈಗ ಜ್ಞಾನೋಕ್ತಿ 1:10-19 ಓದಿ. ಸುಲಭವಾದ ಕೊಳ್ಳೆಗೆ ಕರೆಯುವ ಗೆಳೆಯರ ಹಿಂದೆ ಹೋದರೆ ತನ್ನ ಜೀವವನ್ನೇ ಕಳೆದುಕೊಳ್ಳುತ್ತಾನೆ ಅಂತ ತಂದೆ ಮಗನಿಗೆ ಎಚ್ಚರಿಸ್ತಾನೆ. ಎರಡೂ ಒಂದೇ ಬುದ್ಧಿಮಾತು.

1993ರಲ್ಲಿ ಬಂದ ವೂ-ಟ್ಯಾಂಗ್ ಕ್ಲ್ಯಾನ್ ತಂಡದ ಮೊದಲ ಆಲ್ಬಮ್‌ನಲ್ಲಿ "ಕ್ರೀಮ್" ಅನ್ನುವ ಹಾಡಿದೆ. ಸುತ್ತಲಿನ ಎಲ್ಲವನ್ನೂ ಆಳುವುದು ನಗದು ಅನ್ನುವ ಮಾತಿನ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಹೆಸರು ಅದು. ಪಲ್ಲವಿ ಅಷ್ಟೇ. ಟೀ ಶರ್ಟ್ ಮೇಲೆ ಬರುವುದೂ ಅಷ್ಟೇ. ಆದರೆ ಚರಣದಲ್ಲಿ ಏನಿದೆ? ಹದಿನೈದನೇ ವಯಸ್ಸಿಗೆ ಜೈಲು ಕಂಡವನು, ಬದುಕಿನಲ್ಲಿ ದಣಿದುಹೋದವನು, ಚಿಕ್ಕವರಿಗೆ ಸತ್ಯ ಹೇಳೋಣ ಅಂದರೆ ಅವರು ಕಿವಿಗೊಡಲ್ಲ ಅಂತ ನೊಂದುಕೊಳ್ತಾನೆ. ಪಲ್ಲವಿ ಹಣವೇ ರಾಜ ಅನ್ನುತ್ತೆ, ಚರಣವೋ ಆ ರಾಜನಿಗೆ ಏನೇನು ಕಪ್ಪ ಕೊಡಬೇಕಾಯಿತು ಅಂತ ಲೆಕ್ಕ ಒಪ್ಪಿಸುತ್ತೆ.

ಯೌವನಸ್ಥರೇ, ನಿಮ್ಮ ಬಾಯಲ್ಲಿ ನಿಂತಿರುವುದು ಯಾವುದು, ಪಲ್ಲವಿಯಾ, ಚರಣವಾ?

3. ಮೊದಲ ಬಲೆ: ಬಡತನ

ಬಡತನ ಕಳ್ಳತನಕ್ಕೆ ಎಳೆಯುತ್ತೆ ಅಂತ ಸತ್ಯವೇದವೇ ಒಪ್ಪುತ್ತೆ. ಜ್ಞಾನೋಕ್ತಿ 6:30-31ರ ಪ್ರಕಾರ ಹಸಿವಿಗೆ ಕದ್ದವನನ್ನು ಜನ ಅಷ್ಟಾಗಿ ತಿರಸ್ಕರಿಸಲ್ಲ, ಆದರೂ ಸಿಕ್ಕಿಬಿದ್ದರೆ ಅವನು ಏಳರಷ್ಟು ತೆರಬೇಕು. ಕನಿಕರವೂ ಇದೆ, ಲೆಕ್ಕವೂ ಇದೆ. ಎರಡರಲ್ಲಿ ಒಂದನ್ನು ಬಿಟ್ಟರೆ ಅದು ದೇವರ ನ್ಯಾಯ ಅಲ್ಲ.

ಅಮೆರಿಕದಲ್ಲಿ ಏನಾಯಿತು ಅಂತ ಕೇಳಿ. ಕೊಕೇನ್ ಪುಡಿಯಿಂದ ಮಾಡುವ ಅಗ್ಗದ "ಕ್ರ್ಯಾಕ್" ಬಡವರ ಬೀದಿಗಳಿಗೆ ಬಂತು. 1986ರ ಕಾನೂನಿನಲ್ಲಿ, ಮಾರುವುದಕ್ಕೆ ಇಟ್ಟುಕೊಂಡ ಕ್ರ್ಯಾಕ್ 5 ಗ್ರಾಂ ಇದ್ದರೆ ಕನಿಷ್ಠ ಐದು ವರ್ಷ ಜೈಲು. ಅದೇ ಶಿಕ್ಷೆ ಕೊಕೇನ್ ಪುಡಿಗೆ ಆಗಬೇಕಾದರೆ 500 ಗ್ರಾಂ ಬೇಕು. ನೂರಕ್ಕೆ ಒಂದು! ಕ್ರ್ಯಾಕ್ ಪ್ರಕರಣಗಳಲ್ಲಿ ಶಿಕ್ಷೆ ಆದವರಲ್ಲಿ ಬಹುಪಾಲು ಕಪ್ಪುಜನ. 2010ರಲ್ಲಿ ಈ ವ್ಯತ್ಯಾಸವನ್ನು 18ಕ್ಕೆ ಒಂದು ಅಂತ ಇಳಿಸಿದರು. ಒಂದೇ ವಿಷಕ್ಕೆ ಎರಡು ತಕ್ಕಡಿ. ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಅಂತ ಜ್ಞಾನೋಕ್ತಿ 11:1 ಹೇಳುತ್ತೆ. ಆ ಹಾಡುಗಳಲ್ಲಿ ಕೇಳುವ ಸಿಟ್ಟಿನ ಒಂದು ಭಾಗ ಪ್ರವಾದಿ ಆಮೋಸನ ಸಿಟ್ಟಿಗೆ ಹತ್ತಿರ ಇದೆ.

ಆದರೆ ಮಕ್ಕಳೇ, ಸಿಟ್ಟು ನ್ಯಾಯವಾದದ್ದು ಅಂದ ಮಾತ್ರಕ್ಕೆ ದಾರಿ ನ್ಯಾಯವಾಗಲ್ಲ. ಕ್ರ್ಯಾಕ್ ಮಾರಿದವನು ಯಾರಿಗೆ ಮಾರಿದ? ತನ್ನದೇ ಬೀದಿಯ ತಾಯಂದಿರಿಗೆ. ಬಡವನ ಹಸಿವಿನ ಹೆಸರಲ್ಲಿ ಬಡವನನ್ನೇ ತಿನ್ನುವುದು ಹೊಟ್ಟೆಪಾಡು ಅಲ್ಲ.

4. ಎರಡನೇ ಬಲೆ: ಐಶ್ವರ್ಯ

ಬ್ರೂಕ್ಲಿನ್‌ನ ಕ್ರಿಸ್ಟೋಫರ್ ವಾಲೆಸ್, ಅಂದರೆ ನಟೋರಿಯಸ್ ಬಿಗ್, ಮಾದಕವಸ್ತು ಮಾರುವುದಕ್ಕೆ ಹತ್ತು ಆಜ್ಞೆಗಳು ಅಂತ ಒಂದು ಹಾಡು ಮಾಡಿದ. ಸೀನಾಯಿ ಬೆಟ್ಟದ ಹತ್ತು ಆಜ್ಞೆಗಳ ರೂಪ, ಆದರೆ ಒಳಗಿನ ಸಾರ ಬೇರೆ: ಎಷ್ಟು ಹಣ ಇದೆ ಅಂತ ಯಾರಿಗೂ ತಿಳಿಸಬೇಡ, ಯಾರನ್ನೂ ನಂಬಬೇಡ, ಸಾಲ ಕೊಡಬೇಡ. ನಮ್ಮ ದೇವರ ಆಜ್ಞೆಗಳನ್ನು ಕೈಕೊಂಡರೆ ನೆರೆಯವನು ನಿರ್ಭಯವಾಗಿ ಮಲಗಬಹುದು. ಧನ ಎಂಬ ದೇವರ ಆಜ್ಞೆಗಳನ್ನು ಕೈಕೊಂಡರೆ ನೆರೆಯವನೇ ಭಯಕ್ಕೆ ಕಾರಣ ಆಗ್ತಾನೆ.

1997ರ ಮಾರ್ಚ್ 9ರಂದು ಅವನನ್ನು ಗುಂಡಿಟ್ಟು ಕೊಂದರು. ವಯಸ್ಸು 24. ಹದಿನಾರು ದಿನ ಕಳೆದ ಮೇಲೆ ಆ ಆಲ್ಬಮ್ ಬಂತು. ಹಣ ಹೆಚ್ಚಿದಷ್ಟೂ ತೊಂದರೆ ಹೆಚ್ಚು ಅನ್ನುವ ಅರ್ಥದ ಅವನ ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು, ಹಾಡಿದವನು ಮಾತ್ರ ಇರಲಿಲ್ಲ. ಅವನ ಸಾವು ದೇವರು ಕೊಟ್ಟ ಶಿಕ್ಷೆ ಅಂತ ನಾನು ಹೇಳಲ್ಲ. ಹಾಗೆ ತೀರ್ಪು ಮಾಡಬೇಡಿ ಅಂತ ಲೂಕ 13ರಲ್ಲಿ ಸಿಲೋವದ ಗೋಪುರದ ವಿಷಯದಲ್ಲಿ ಕರ್ತನೇ ಹೇಳಿದ್ದಾನೆ. ಆದರೆ ಲೂಕ 12ರ ಐಶ್ವರ್ಯವಂತನಿಗೆ ಬಂದ ಪ್ರಶ್ನೆ ನಮಗೂ ಇದೆ: ಕೂಡಿಟ್ಟದ್ದು ಯಾರದ್ದಾಗುತ್ತೆ?

ಕ್ಯಾಲಿಫೋರ್ನಿಯಾದ ಕಾಂಪ್ಟನ್ ಊರಿನ ಕೆಂಡ್ರಿಕ್ ಲಮಾರ್ 2015ರಲ್ಲಿ ಒಂದು ಹಾಡು ಬರೆದ, ಒಂದು ಡಾಲರಿನ ಬೆಲೆ ಎಷ್ಟು ಅನ್ನುವುದೇ ಅದರ ಪ್ರಶ್ನೆ. ಕಥೆ ನಡೆಯೋದು ದಕ್ಷಿಣ ಆಫ್ರಿಕಾದ ಒಂದು ಪೆಟ್ರೋಲ್ ಬಂಕ್‌ನಲ್ಲಿ. ಭಿಕ್ಷುಕನೊಬ್ಬ ಹತ್ತು ರಾಂಡ್ ಕೇಳ್ತಾನೆ. ಇವನಿಗೆ ಈಗ ಬೇಕಾದಷ್ಟು ಹಣ ಇದೆ, ಆದರೂ "ಇವನು ನಶೆಗೆ ಕೇಳ್ತಿದ್ದಾನೆ" ಅಂತ ಅಂದುಕೊಂಡು ಕೊಡಲ್ಲ. ಕೊನೆಯಲ್ಲಿ ಆ ಭಿಕ್ಷುಕ ತಾನೇ ದೇವರು ಅಂತ ತಿಳಿಸ್ತಾನೆ. ಉಳಿಸಿಕೊಂಡ ಆ ಒಂದು ಡಾಲರಿಗೆ ಇವನು ತೆತ್ತ ಬೆಲೆ ಪರಲೋಕದಲ್ಲಿನ ಜಾಗ. ಇದು ಮತ್ತಾಯ 25 ಅಲ್ಲದೆ ಇನ್ನೇನು? ಹಸಿದು ಬಂದವನು, ಈಗ ಹೊಟ್ಟೆ ತುಂಬಿದ ಮೇಲೆ, ದೇವರನ್ನೇ ಗುರುತು ಹಿಡಿಯಲಿಲ್ಲ. ಆಗೂರ ಹೆದರಿದ್ದು ಇದಕ್ಕೇ.

5. ಈಗ ನಮ್ಮ ಪಲ್ಲವಿ

ಇಲ್ಲಿವರೆಗೆ "ಆಮೆನ್" ಹೇಳೋದು ಸುಲಭ ಇತ್ತು. ಈಗ ಸಭೆಯ ಕಡೆ ತಿರುಗೋಣ.

ಮಲಾಕಿಯ 3:10 ನಮಗೆ ಬಾಯಿಪಾಠ. ದಶಮಾಂಶ ತಂದರೆ ಪರಲೋಕದ ದ್ವಾರ ತೆರೆಯುತ್ತೆ ಅನ್ನುವ ವಾಗ್ದಾನ, ಸತ್ಯವಾದ ವಾಗ್ದಾನ. ಆದರೆ ಅದೇ ಅಧ್ಯಾಯದ 5ನೇ ವಚನ ಎಷ್ಟು ಜನಕ್ಕೆ ಗೊತ್ತು? ಕೂಲಿಯವನ ಕೂಲಿ ಹಿಡಿಯುವವರಿಗೆ, ವಿಧವೆಯನ್ನೂ ಅನಾಥನನ್ನೂ ಬಾಧಿಸುವವರಿಗೆ ವಿರೋಧವಾಗಿ ಕರ್ತನೇ ಸಾಕ್ಷಿಯಾಗಿ ನಿಲ್ಲುತ್ತಾನೆ. ಮನೆಗೆಲಸದವಳ ಸಂಬಳ ತಡಮಾಡಿ ಕಾಣಿಕೆ ಕವರ್ ತುಂಬಿದರೆ, ನಾವು ಪಲ್ಲವಿ ಹಾಡಿ ಚರಣ ಬಿಟ್ಟಂತೆ.

ಫಿಲಿಪ್ಪಿ 4:13ನ್ನು ಕಾರಿನ ಗಾಜಿನ ಮೇಲೆ ಅಂಟಿಸ್ತೀವಿ. ಎಲ್ಲವನ್ನೂ ಮಾಡಲು ಶಕ್ತನು ಅಂತ. ಅದರ ಹಿಂದಿನ ಎರಡು ವಚನಗಳಲ್ಲಿ ಪೌಲನು ತೃಪ್ತಿಯ ಬಗ್ಗೆ, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರಲು ಕಲಿತ ಗುಟ್ಟಿನ ಬಗ್ಗೆ ಮಾತಾಡ್ತಾನೆ. ಅವನ ಕೈಯಲ್ಲಿ ಬೇಡಿ ಇತ್ತು, ಕಾರಿನ ಕೀ ಇರಲಿಲ್ಲ.

ಸಾಕ್ಷಿಗಳನ್ನೂ ನೋಡಿ. "ಕರ್ತನು ಕಾರ್ ಕೊಟ್ಟ, ಸೈಟ್ ಕೊಟ್ಟ, ವೀಸಾ ಕೊಟ್ಟ" ಅಂದರೆ ಚಪ್ಪಾಳೆ. "ಕೆಲಸ ಹೋಯಿತು, ಆದರೂ ಸುಳ್ಳು ಬಿಲ್‌ಗೆ ಸಹಿ ಹಾಕಲಿಲ್ಲ" ಅಂದರೆ? ಆ ತಂಗಿಗೂ ಅಷ್ಟೇ ಜೋರಾಗಿ ಹಲ್ಲೆಲೂಯಾ ಹೇಳ್ತೀವಾ? ಹೇಳದಿದ್ದರೆ ನಮ್ಮ ಮಕ್ಕಳು ಇಯರ್‌ಫೋನ್‌ನಲ್ಲಿ ಕೇಳುವುದೂ ಸಭೆಯಲ್ಲಿ ಕೇಳುವುದೂ ಒಂದೇ ಪಲ್ಲವಿ.

ವರ್ಜೀನಿಯಾದಲ್ಲಿ ಬೆಳೆದ ಅಣ್ಣತಮ್ಮಂದಿರ ತಂಡ ಕ್ಲಿಪ್ಸ್. 2002ರ ಅವರ ಆಲ್ಬಮ್ ತುಂಬ ಕೊಕೇನ್ ವ್ಯಾಪಾರದ ಮಾತು. ಮುಂದೆ ಅವರ ಮ್ಯಾನೇಜರ್ ಮಾದಕವಸ್ತು ಪ್ರಕರಣದಲ್ಲಿ ಜೈಲಿಗೆ ಹೋದ. ಅಣ್ಣ ಮ್ಯಾಲಿಸ್ ಕ್ರಿಸ್ತನ ಕಡೆ ತಿರುಗಿ 2011ರಲ್ಲಿ ತನ್ನ ಕಥೆ ಬರೆದ. ಪುಸ್ತಕದ ಹೆಸರನ್ನು ಪ್ರಕಟನೆ 3:17ರಿಂದ ತೆಗೆದುಕೊಂಡ. ತನಗೆ ಏನೂ ಕಡಿಮೆ ಇಲ್ಲ ಅಂದುಕೊಂಡು ತನ್ನ ದುರವಸ್ಥೆ, ಬಡತನ, ಕುರುಡು, ಬೆತ್ತಲೆತನ ಅರಿಯದವರ ಬಗ್ಗೆ ಹೇಳುವ ವಚನ ಅದು. ಆದರೆ ಪ್ರಿಯರೇ, ಕರ್ತನು ಆ ಮಾತನ್ನು ಬರೆಸಿದ್ದು ರ‍್ಯಾಪರ್‌ಗೆ ಅಲ್ಲ, ಲವೊದಿಕೀಯದ ಸಭೆಗೆ. ಹಾಡುಗಾರ ಆ ಕನ್ನಡಿಯಲ್ಲಿ ತನ್ನ ಮುಖ ಕಂಡ. ಸಭೆ ಕಾಣಬೇಡವಾ?

6. ಹಾಗಾದರೆ ಏನು ಮಾಡೋಣ?

ಎಫೆಸ 4:28 ತೆರೆಯಿರಿ. ಕಳ್ಳನಿಗೆ ಪೌಲ ಕೊಡುವ ಬುದ್ಧಿಮಾತಿನಲ್ಲಿ ಮೂರು ಮೆಟ್ಟಿಲಿದೆ: ಕದಿಯುವುದನ್ನು ಬಿಡಬೇಕು, ಸ್ವಂತ ಕೈಯಿಂದ ದುಡಿಯಬೇಕು, ಕೊರತೆ ಇರುವವನಿಗೆ ಕೊಡಬೇಕು. ಕದಿಯುವುದನ್ನು ಬಿಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಕೊಡುವ ಕೈ ಬರುವ ತನಕ ಆ ಮನುಷ್ಯನ ಬಿಡುಗಡೆ ಪೂರ್ತಿಯಾಗಿಲ್ಲ.

ಯೌವನಸ್ಥರೇ, ದುಡಿಯಿರಿ. ರಾತ್ರಿ ಪಾಳಿ ಮಾಡಿ, ಡೆಲಿವರಿ ಮಾಡಿ, ಸಣ್ಣ ವ್ಯಾಪಾರ ಮಾಡಿ, ನಾಚಿಕೆ ಬೇಡ. ಆದರೆ ಬೆಟ್ಟಿಂಗ್ ಆಪ್, ಬೇರೆಯವರ ಬೆವರಿನ ಮೇಲೆ ನಿಂತ ಚೈನ್ ಸ್ಕೀಮ್, ಇವುಗಳಿಗೆ ಹಸ್ಲ್ ಅನ್ನುವ ಅಂದದ ಹೆಸರು ಕೊಡಬೇಡಿ. ತಂದೆತಾಯಿಗಳೇ, ಈ ವಾರ ಮಗನ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿ: "ಆ ಹಾಡಿನ ಚರಣದಲ್ಲಿ ಏನಿದೆ, ನನಗೆ ಅರ್ಥ ಹೇಳು." ಸಿಟ್ಟಿಲ್ಲದೆ ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಇಬ್ಬರೂ ಜ್ಞಾನೋಕ್ತಿ 30 ಓದಿ. ಮತ್ತು ಈ ವಾರ ಯಾರಿಗಾದರೂ ಕೂಲಿ ಬಾಕಿ ಇದ್ದರೆ, ಬರುವ ಭಾನುವಾರದ ಕಾಣಿಕೆಗಿಂತ ಮುಂಚೆ ಅದನ್ನು ಕೊಟ್ಟು ಬನ್ನಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಹಸಿದವರ ಕೂಗನ್ನು ಕೇಳುವ ಕಿವಿ ನಮಗೆ ಕೊಡು. ಸುಳ್ಳನ್ನು ನಮ್ಮ ದುಡಿಮೆಯಿಂದ ದೂರ ಮಾಡು. ಇಲ್ಲದಾಗ ಕೈ ಚಾಚದಂತೆ, ಇದ್ದಾಗ ಕೈ ಮುಚ್ಚದಂತೆ ನಮ್ಮನ್ನು ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.