ಸಾಹೇಬರು ಬದಲಾಗುತ್ತಾರೆ, ಠಾಣೆ ನೆನಪಿಡುವವರು ಯಾರು?

ಪ್ರಶ್ನೆ: ನನ್ನ ಅಕ್ಕನ ಮಗ ಬಿ.ಎಸ್ಸಿ. ಓದಿ ಕಾನ್‌ಸ್ಟೆಬಲ್ ಆದ. ಎರಡು ವರ್ಷವಾಗಿಲ್ಲ, ಆಗಲೇ ಬೇರೆ ಸರ್ಕಾರಿ ಕೆಲಸಕ್ಕೆ ಓದುತ್ತಿದ್ದಾನೆ. ಇತ್ತ ನಮ್ಮ ಠಾಣೆಗೆ ಹೋದಾಗಲೆಲ್ಲ ಹೊಸ ಮುಖ. ಹೀಗಾದರೆ ಜನ ಪೊಲೀಸರನ್ನು ನಂಬುವುದು ಹೇಗೆ?
– ಓದುಗರು, ಗುಬ್ಬಿ

ಉತ್ತರ: ಮೊದಲು ಒಂದು ಮಾತು. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುವವರೇ ಇಲ್ಲ ಎಂದು ಅಮೆರಿಕದ ಊರುಗಳು ಚಿಂತಿಸುತ್ತಿವೆ. ನಮ್ಮ ಕಥೆ ಅದಲ್ಲ. ತುಮಕೂರಿನ ಯಾವುದಾದರೂ ಮೈದಾನಕ್ಕೆ ಬೆಳಗಿನ ಜಾವ ಹೋಗಿ ನೋಡಿ. 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಲು ಹುಡುಗರು ಬೆವರು ಸುರಿಸುತ್ತಿರುತ್ತಾರೆ. ಪಿಯುಸಿ ಸಾಕು ಎನ್ನುವ ಹುದ್ದೆಗೆ ಪದವೀಧರರು, ಎಂಜಿನಿಯರಿಂಗ್ ಓದಿದವರು ಬರುತ್ತಾರೆ. ಬರುವವರಿಗೆ ಬರವಿಲ್ಲ. ಕೆಟ್ಟಿರುವುದು ಅವರನ್ನು ಒಳಗೆ ಬಿಟ್ಟುಕೊಳ್ಳುವ ಬಗೆ ಮತ್ತು ಆಮೇಲೆ ನಡೆಸಿಕೊಳ್ಳುವ ಬಗೆ.

545 ಪಿಎಸ್‌ಐ ಹುದ್ದೆಗಳ ಹಗರಣ ನಿಮಗೆ ನೆನಪಿರಬೇಕು. 2021ರ ಅಕ್ಟೋಬರ್ 3ರಂದು ಪರೀಕ್ಷೆ. 54 ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಕಲಬುರಗಿಯ ಒಂದು ಕೇಂದ್ರದ ಉತ್ತರ ಪತ್ರಿಕೆಯಿಂದ ಅಕ್ರಮದ ಎಳೆ ಬಿಚ್ಚಿಕೊಂಡಿತು. 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು, ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಓದಿ ಪಾಸಾದವರೂ ಅಷ್ಟು ಕಾಲ ಮನೆಯಲ್ಲಿ ಕೂತರು. ಠಾಣೆಗಳು ಇದ್ದ ಸಿಬ್ಬಂದಿಯಲ್ಲೇ ಎಳೆದಾಡಿಕೊಂಡು ನಡೆದವು. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ‘ದುಡ್ಡು ಕೊಟ್ಟು ಬಂದವನು ಬಡ್ಡಿ ಸಮೇತ ನಮ್ಮಿಂದಲೇ ವಸೂಲು ಮಾಡುತ್ತಾನೆ’ ಎಂದು ಜನ ಮೊದಲೇ ಆಡಿಕೊಳ್ಳುತ್ತಿದ್ದರು. ಇಲಾಖೆಯೇ ಅದಕ್ಕೆ ಸಾಕ್ಷಿ ಒದಗಿಸಿದಂತಾಯಿತು.

ಇನ್ನು ನಿಮ್ಮ ಅಳಿಯನ ವಿಷಯ. ಅವನು ಸಂಬಳಕ್ಕಾಗಿ ಬಿಡುತ್ತಿದ್ದಾನೆ ಎಂದು ನನಗನ್ನಿಸುವುದಿಲ್ಲ. 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕಲು ಹೊರಟಿದ್ದರು. ಪೊಲೀಸರು ಸಂಘ ಕಟ್ಟುವುದಕ್ಕೆ 1966ರ ಕೇಂದ್ರ ಕಾಯ್ದೆಯ ಕಡಿವಾಣವಿದೆ. ಹೋರಾಟದ ಮುಂದಾಳು ದೇಶದ್ರೋಹದ ಮೊಕದ್ದಮೆ ಎದುರಿಸಬೇಕಾಯಿತು, ಮುಷ್ಕರ ನಡೆಯಲಿಲ್ಲ. ಆದರೂ ಸರ್ಕಾರಕ್ಕೆ ಬಿಸಿ ತಟ್ಟಿತು. ರಾಘವೇಂದ್ರ ಔರಾದ್ಕರ್ ಸಮಿತಿ ವರದಿ ಕೊಟ್ಟು, 2019ರಲ್ಲಿ ವೇತನ ಪರಿಷ್ಕರಣೆಯಾಗಿ ಕಾನ್‌ಸ್ಟೆಬಲ್‌ನ ಮೂಲ ವೇತನ 23,500 ರೂಪಾಯಿಯಿಂದ ಶುರುವಾಯಿತು. ಅಂದು ಕೇಳಿದ್ದು ಸಂಬಳ ಮಾತ್ರ ಅಲ್ಲ. ವಾರದ ರಜೆ, ಸಾಹೇಬರ ಮನೆಗೆಲಸ ಮಾಡಿಸುವ ಆರ್ಡರ್ಲಿ ಪದ್ಧತಿಯಿಂದ ಬಿಡುಗಡೆ, ಮೇಲಧಿಕಾರಿಗಳಿಂದ ಒಂದಿಷ್ಟು ಮರ್ಯಾದೆ. ಸಂಬಳದ ಲೆಕ್ಕವಾದರೂ ಒಂದು ಮಟ್ಟಕ್ಕೆ ಬಂತು. ರಜೆಯ ಲೆಕ್ಕ ಅಳಿಯನನ್ನೇ ಕೇಳಿ ನೋಡಿ.

ರಜೆ ಏಕೆ ಸಿಗುವುದಿಲ್ಲ ಎಂದು ತಿಳಿಯಲು ನಮ್ಮ ತುಮಕೂರು ಜಿಲ್ಲೆಯ ಕ್ಯಾಲೆಂಡರ್ ತೆಗೆಯಿರಿ. ಸಿದ್ಧಗಂಗೆ ಜಾತ್ರೆ, ಗುಬ್ಬಿಯಪ್ಪನ ಜಾತ್ರೆ, ಎಡೆಯೂರು ತೇರು, ಗಣೇಶನ ಮೆರವಣಿಗೆ, ಎರಡು ಹೆದ್ದಾರಿಗಳಲ್ಲಿ ಗಣ್ಯರ ಓಡಾಟ. ಗೃಹ ಸಚಿವರದ್ದೇ ಜಿಲ್ಲೆ ಎಂಬ ಹೆಮ್ಮೆಗೂ ಬಂದೋಬಸ್ತಿನ ಬೆಲೆಯಿದೆ, ಆ ಬೆಲೆ ತೆರುವವನು ರಸ್ತೆ ಬದಿ ಬಿಸಿಲಲ್ಲಿ ನಿಂತಿರುತ್ತಾನೆ. ಇವೆಲ್ಲದರ ನಡುವೆ ಸೆಂಟ್ರಿ, ಸಮನ್ಸ್ ಜಾರಿ, ಕೋರ್ಟ್ ಡ್ಯೂಟಿ. 2025ರ ಮೇ ಕೊನೆಯಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ವಿರುದ್ಧ ನಿಮ್ಮ ತಾಲ್ಲೂಕಿನಲ್ಲಿ ನಡೆದ ಹೋರಾಟವನ್ನು ನೀವೇ ಕಂಡಿದ್ದೀರಿ. ನೀರು ಕುಣಿಗಲ್ ಕಡೆಗೆ ಹೋಗಬಾರದೆಂದು ಗುಬ್ಬಿಯ ರೈತರು, ಹೋಗಲೇಬೇಕೆಂದು ಕುಣಿಗಲ್‌ನವರು. ನಿಷೇಧಾಜ್ಞೆ ಹೊರಡಿಸಿದವರು ಕಚೇರಿಯಲ್ಲಿದ್ದರು. ರೈತರೆದುರು ನಿಂತ ಖಾಕಿಯಲ್ಲಿ ರೈತರ ಮಕ್ಕಳೇ ಎಷ್ಟೋ ಮಂದಿ.

ನೀವು ಹೇಳುವ ‘ಹೊಸ ಮುಖ’ ಬಹುಪಾಲು ಪಿಎಸ್‌ಐ, ಇನ್‌ಸ್ಪೆಕ್ಟರ್‌ಗಳದ್ದು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲೇ ಹೇಳಿತು. ಶಾಸಕರ ಶಿಫಾರಸು ಪತ್ರ ಆ ತೀರ್ಪಿಗಿಂತ ಬೇಗ ಕೆಲಸ ಮಾಡುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಚುನಾವಣೆ ಬಂದರಂತೂ ಆಯೋಗದ ನಿಯಮದಂತೆ ಮತ್ತೊಂದು ಸುತ್ತು ವರ್ಗಾವಣೆ. ಸಿವಿಲ್ ಕಾನ್‌ಸ್ಟೆಬಲ್ ಮಾತ್ರ ಜಿಲ್ಲೆಯ ಲೆಕ್ಕದಲ್ಲಿ ನೇಮಕವಾದವನು. ಕುಣಿಗಲ್‌ನಿಂದ ಹುಲಿಯೂರುದುರ್ಗಕ್ಕೋ ಗುಬ್ಬಿಗೋ ಹೋದರೂ ಸಾಮಾನ್ಯವಾಗಿ ಜಿಲ್ಲೆ ಬಿಡುವುದಿಲ್ಲ. ಯಾವ ಹಳ್ಳಿಯಲ್ಲಿ ಬದುವಿನ ಜಗಳ ಎಷ್ಟು ಹಳೆಯದು, ಯಾವ ಮನೆಯಲ್ಲಿ ಕುಡಿದು ಹೊಡೆಯುತ್ತಾರೆ ಎಂಬುದು ಅವನ ತಲೆಯಲ್ಲಿರುತ್ತದೆ. ಸಾಹೇಬರು ಬದಲಾದರೆ ಠಾಣೆ ಹೇಗೋ ತಾಳಿಕೊಳ್ಳುತ್ತದೆ. ಕಾನ್‌ಸ್ಟೆಬಲ್ ರಾಜೀನಾಮೆ ಕೊಟ್ಟರೆ ಠಾಣೆಗೆ ಮರೆವು ಬರುತ್ತದೆ. ನಾವು ಪಿಎಸ್‌ಐ ಯಾರು ಎಂದು ವಿಚಾರಿಸುವಷ್ಟು ಬೀಟ್‌ನವರು ಯಾರು ಎಂದು ವಿಚಾರಿಸುವುದಿಲ್ಲ. ಒಂದೇ ಠಾಣೆಯಲ್ಲಿ ಬೇರು ಬಿಟ್ಟವರು ಇಸ್ಪೀಟು ಅಡ್ಡೆಯವರಿಗೂ ನೆಂಟರಾಗುವುದುಂಟು, ಒಪ್ಪಿದೆ. ಅದಕ್ಕೆ ಠಾಣೆ ಬದಲಿಸಿದರಾಯಿತು, ಕೆಲಸವನ್ನೇ ಬಿಡುವ ಹಾಗೆ ಮಾಡಬೇಕಿಲ್ಲ.

ಕಾನ್‌ಸ್ಟೆಬಲ್‌ನ ಈ ಬೆಲೆ ಇಲಾಖೆಗೂ ಗೊತ್ತು. 2017ರಲ್ಲಿ ಪ್ರತಿ ಕಾನ್‌ಸ್ಟೆಬಲ್‌ಗೂ ಒಂದು ಪ್ರದೇಶ ವಹಿಸುವ ಹೊಸ ಬೀಟ್ ವ್ಯವಸ್ಥೆ ಬಂತು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು: ನಲವತ್ತು ಐವತ್ತು ಮನೆಗಳ ಗುಂಪು ಮಾಡಿ, ಬೀಟ್ ಸಿಬ್ಬಂದಿ ಬಾಗಿಲಿಗೇ ಬಂದು ಅಹವಾಲು ಕೇಳುವುದು. ಯೋಜನೆ ಒಳ್ಳೆಯದು. ಆದರೆ ಮನೆ ಮನೆಗೆ ಹೋಗಬೇಕಾದವನನ್ನು ಬಂದೋಬಸ್ತಿಗೆ ಕಳಿಸಿದರೆ ಆ ದಿನ ಆ ಐವತ್ತು ಮನೆಗೆ ಹೋಗುವವರು ಯಾರು?

ಹೀಗೆ ಮನೆ ಮನೆಗೆ ಹೋಗಿ ಗಳಿಸಿದ ಹೆಸರನ್ನು ಒಬ್ಬ ಅಧಿಕಾರಿಯೇ ಕಳೆಯಬಲ್ಲ ಎಂಬುದನ್ನೂ ಹೇಳಬೇಕು. 2025ರ ಜನವರಿ ಆರಂಭದಲ್ಲಿ, ದೂರು ಕೊಡಲು ಬಂದ ಮಹಿಳೆಯೊಂದಿಗೆ ಕಚೇರಿಯಲ್ಲೇ ಅಸಭ್ಯವಾಗಿ ವರ್ತಿಸಿದ ಆರೋಪದ ಮೇಲೆ ನಮ್ಮದೇ ಜಿಲ್ಲೆಯ ಮಧುಗಿರಿಯ ಡಿವೈಎಸ್ಪಿ ಬಂಧನವಾಯಿತು. ಆ ವರ್ತನೆಯ ವಿಡಿಯೊ ಹೊರಬಂದಿತ್ತು. ಅದು ಹೊರಬರದಿದ್ದರೆ? ಆ ಪ್ರಶ್ನೆ ಎಷ್ಟೋ ಹೆಣ್ಣುಮಕ್ಕಳನ್ನು ಠಾಣೆಯ ಮೆಟ್ಟಿಲ ಕೆಳಗೇ ನಿಲ್ಲಿಸುತ್ತದೆ.

ನಿಮ್ಮ ಅಳಿಯನಿಗೆ ಎರಡು ಮಾತು ಹೇಳಿ. ಪದವಿ ಇರುವುದರಿಂದ ಪಿಎಸ್‌ಐ ನೇಮಕಾತಿಯಲ್ಲಿ ಸೇವಾನಿರತರಿಗೆಂದು ಇಟ್ಟಿರುವ ಹುದ್ದೆಗಳನ್ನು ಒಮ್ಮೆ ನೋಡಲಿ. ಬೇರೆ ಇಲಾಖೆಗೇ ಹೋಗುವುದಾದರೆ ಅರ್ಜಿ ಹಾಕುವ ಮುಂಚೆ ಎಸ್ಪಿ ಕಚೇರಿಯಿಂದ ಎನ್‌ಒಸಿ ತೆಗೆದುಕೊಳ್ಳಲಿ. ಆಯ್ಕೆಯಾದ ಮೇಲೆ ಬಿಡುಗಡೆಗಾಗಿ ಅಲೆಯುವುದು ತಪ್ಪುತ್ತದೆ.