ಗೋಕರ್ಣದ ಕಡಲ ದಾರಿ

ಉತ್ತರ ಕನ್ನಡ ಜಿಲ್ಲೆಯ ಗೋಕರ್ಣವು ಮಹಾಬಲೇಶ್ವರನ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಊರಿನ ತೆಂಕಣ ಗುಡ್ಡವನ್ನೇರಿದವರಿಗೆ ಕಾಲ್ನಡಿಗೆಯ ರಮ್ಯವಾದ ದಾರಿಯೊಂದು ದೊರೆಯುತ್ತದೆ. ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲವನ್ನು ದಾಟಿ ಇಳಿದರೆ ಕುಡ್ಲೆ ತೀರ. ಅದರಾಚೆ, ‘ಓಂ’ ಅಕ್ಷರವನ್ನು ಹೋಲುವ ಬಾಗುಗಳುಳ್ಳ ಓಂ ತೀರ. ಮತ್ತೂ ಮುಂದೆ ಅರ್ಧಚಂದ್ರಾಕಾರದ ಪುಟ್ಟ ತೀರ.

ಆದರೆ ಈ ಚೆಲುವಿನ ಬದಿಯಲ್ಲೇ ಅಪಾಯವೂ ಇದೆ. ಕಡಲು ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಉಬ್ಬುತ್ತದೆ. ಆದುದರಿಂದ ಉಬ್ಬರದ ವೇಳೆಯು ದಿನದಿನಕ್ಕೆ ಸುಮಾರು 50 ನಿಮಿಷ ಹಿಂದಕ್ಕೆ ಬೀಳುತ್ತದೆ. ನಿನ್ನೆ ಇದೇ ಹೊತ್ತಿಗೆ ನೀರಿನಿಂದ ಮೇಲೆದ್ದಿದ್ದ ಬಂಡೆಯು ಇಂದು ಮುಳುಗಿರಬಹುದು. ಬಂಡೆಗಳ ಮೇಲೆ ನಡೆಯಬಯಸುವವರು ಮೊದಲು ಅಲ್ಲಿನ ಮೀನುಗಾರರನ್ನು ಕೇಳಿ ಉಬ್ಬರವಿಳಿತಗಳ ಹೊತ್ತನ್ನು ತಿಳಿಯಬೇಕು. ಮಳೆಗಾಲದಲ್ಲಿ ಆ ಸಾಹಸಕ್ಕೇ ಇಳಿಯಬಾರದು. ಕಡಲಿನ ಹೊತ್ತನ್ನರಿತು ಹೆಜ್ಜೆಯಿಡುವವನಿಗೆ ಮಾತ್ರ ಅದರ ಸೊಬಗು ದಕ್ಕುತ್ತದೆ.